ಬಾಗಿಲಲ್ಲೇ ಕೇಳಬೇಕು

ತುಮಕೂರಿನ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನನಗೆ ಕೋಡ್ ಕಲಿಸಿದ ಮೇಡಂ ಗುಬ್ಬಿ ಊರಿನವರು. ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು, "ಆರ್ಡರ್ ಒಳಗೆ ಬರೋವಾಗ್ಲೇ, ಯಾವೂರು ಅಂತ ಬಾಗ್ಲಲ್ಲೇ ಕೇಳ್ಬೇಕು ಕಣೋ" ಎನ್ನುತ್ತಿದ್ದರು.

ಊರೂರಿಗೆ ಹಾಲು ಕಳಿಸುವ ನಮ್ಮ ವೆಬ್‌ಸೈಟಿನ ತಪ್ಪಿನಿಂದ ಗುಬ್ಬಿಯ ಗಿರಾಕಿಯೊಬ್ಬರ ಹಾಲು ಕುಣಿಗಲ್ಲಿಗೆ ಹೋಗಿ ಒಡೆದುಹೋದ ದಿನ, ಆರ್ಡರ್ ತೆಗೆದುಕೊಳ್ಳುವ, ಬಿಲ್ ಹಾಕುವ ಒಂದೊಂದು ಕೋಡಿನೊಳಗೂ ಇದ್ದ ಊರು ನೋಡುವ ಸಾಲುಗಳನ್ನೆಲ್ಲ ಅವರು ಕಿತ್ತೆಸೆದರು. ಅವೆಲ್ಲಕ್ಕೂ ಮುಂಚೆ ಓಡುವಂತೆ ಒಂದೇ ಕಡೆ, ಊರು ನೋಡಿ ದಾರಿ ತೋರಿಸುವ ರೂಟಿಂಗ್ ಬರೆದರು. ಗುಬ್ಬಿಯ ಆರ್ಡರ್ ಗುಬ್ಬಿಗೇ ಹೋಯಿತು! "ಹೋಯ್ತು ಕಣೋ!" ಎಂದು ಮೇಜು ಗುದ್ದಿ, ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೊರಟೇಬಿಟ್ಟರು.

ಸ್ವಲ್ಪ ಹೊತ್ತಿಗೆ ಅವರದೇ ಫೋನ್. "ಹೆಬ್ಬೂರಲ್ಲಿದೀನಿ ಕಣೋ. ಖುಷೀಲಿ ಕುಣಿಗಲ್ ಬಸ್ ಹತ್ಬುಟ್ಟೆ. ಆ ಕಂಡಕ್ಟ್ರು ಬಾಗ್ಲಲ್ಲಿ ಕೇಳ್ಲೇ ಇಲ್ಲ!"