ಗುಲಾಬಿ ಬಣ್ಣದ ಹೊಲ

ಹುಲಿಬಂಡಿಯ ಗುಡ್ಡಕ್ಕೆ ಬಿಸಿಲು ಬೀಳುವ ಮೊದಲೇ ಸೂಗಪ್ಪ ಬಂಡೆಗಳ ಸುತ್ತ ತಿರುಗತೊಡಗಿದ್ದ. ಒಂದೊಂದರ ಹಿಂಬದಿಗೂ ಬಾಗಿ ನೋಡುತ್ತಿದ್ದ, ಕಣ್ಣಿಗೆ ಎಟುಕದ ಕಡೆ ಕೈಯಾಡಿಸುತ್ತಿದ್ದ. ಹುಡುಕುತ್ತಿದ್ದುದು ಸರ್ವೇದವರು ಹಾಕುವ ಬಣ್ಣದ ಗುರುತನ್ನು. ಬಾಣದಂಥ ಒಂದು ಗೆರೆ, ಪಕ್ಕದಲ್ಲಿ ಅಂಕಿ. ಅಂಥದ್ದು ಸಿಗಲಿಲ್ಲ. ಸಿಗದಿದ್ದುದರಿಂದ ಅವನಿಗೆ ಸಮಾಧಾನವೂ ಆಗಲಿಲ್ಲ. ಇವತ್ತು ಇಲ್ಲದ್ದು ನಾಳೆ ಬರಬಹುದು.

ಹುಲಿಬಂಡಿ ಇರುವುದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಿಂದ ಒಳಗಡೆ. ಬೆಂಗಳೂರಿನ ತಂಡವೊಂದು ಹಿಂದಿನ ವಾರ ಬಂದು ಗುಡ್ಡದ ಮೇಲೆ ಡೇರೆ ಹಾಕಿತ್ತು. ಅವರ ಜೊತೆ ಮೊಳಕಾಲೆತ್ತರದ ಆರು ಗಾಲಿಯ ಗಾಡಿಯೊಂದಿತ್ತು. ಗಾಡಿಯ ನಡುವೆ ಒಂದು ಕಂಬ, ಕಂಬದ ತುದಿಗೆ ಎರಡು ಕ್ಯಾಮೆರಾ. ಅದು ಕೊಕ್ಕರೆಯ ಹಾಗೆ ಕತ್ತು ತಿರುಗಿಸುತ್ತಿತ್ತು. ಇಂಥದೇ ಗಾಡಿಯನ್ನು ಮುಂದೊಂದು ದಿನ ಮಂಗಳ ಗ್ರಹಕ್ಕೆ ಕಳಿಸಬೇಕು, ಅಲ್ಲಿ ಇರುವುದು ಬರೀ ಕಲ್ಲು, ಕಲ್ಲು ನೋಡುವುದನ್ನು ಇಲ್ಲೇ ಕಲಿಸಿ ಕಳಿಸುತ್ತೇವೆ ಎಂದು ಅವರು ಹೇಳಿದ್ದರು. ಊರು ನಂಬಲಿಲ್ಲ.

“ಕಲ್ಲು ನೋಡಾಕ ಬೆಂಗಳೂರಾಗ ಕಲ್ಲಿಲ್ಲೇನು?” ಎಂದು ಚಹಾದಂಗಡಿಯ ಫಕ್ರುದ್ದೀನ ಕೇಳಿದ್ದ.

ಸೂಗಪ್ಪನ ಅನುಮಾನಕ್ಕೆ ಬೇರೆಯದೇ ಕಾರಣವಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಕಾಲುವೆಯ ಸರ್ವೇದವರ ಕೈಕೆಳಗೆ ದುಡಿದವನು. ಸಾಹೇಬರು ಮೂರುಗಾಲಿನ ದುರ್ಬೀನಿನಲ್ಲಿ ಕಣ್ಣಿಟ್ಟರೆ, ದೂರದಲ್ಲಿ ಅಳತೆಯ ಪಟ್ಟಿ ಹಿಡಿದು ನಿಲ್ಲುವುದು ಅವನ ಕೆಲಸ. ಒಂದು ದಿನ ಕ್ಯಾಂಪಿನ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಅದರಲ್ಲಿ ಅಣ್ಣ ತಾಯಪ್ಪನ ಹೊಲಕ್ಕೆ ತೆಳುವಾಗಿ ಗುಲಾಬಿ ಬಣ್ಣ ಬಳಿದಿದ್ದರು. ಯಾಕೆಂದು ಕೇಳಿದ. “ಸುಮ್ಮ ನಕ್ಷಾ, ಹೋಗಪ್ಪ” ಎಂದರು. ಹೋದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೆಂದು ಅವನಿಗೆ ಅನ್ನಿಸಲೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ಆ ಹೊಲದ ನಡುವೆ ಕಾಲುವೆ ಅಗೆದರು.

ಊರಿಗೆ ನೀರು ಬಂತು, ಎರೆಹೊಲಗಳಲ್ಲಿ ಭತ್ತ ನಿಂತಿತು. ತಾಯಪ್ಪನ ಪಾಲಿಗೆ ಉಳಿದದ್ದು ಗುಡ್ಡದ ಬುಡದ ಒಂದೆಕರೆ. ತಾಯಪ್ಪ ತೀರಿಕೊಂಡ ಮೇಲೆ ಅದನ್ನು ಅವನ ಹೆಂಡತಿ ಬಾಲಮ್ಮ ಮಾಡುತ್ತಾಳೆ. ಬಾಲಮ್ಮ ಮೈದುನನನ್ನು ಎಂದೂ ಬೈದವಳಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಹೋಳಿಗೆಗೆ ತುಪ್ಪ ಸುರಿಯುತ್ತಾಳೆ. ಹೊಲದ ಮಾತು ಬಂದರೆ ಮಾತ್ರ ಅವನೆದುರು ಬಾಯಿ ಮುಚ್ಚುತ್ತಾಳೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಸೂಗಪ್ಪನಿಗೆ ಅನ್ನಿಸಿದ್ದುಂಟು.

ಈಗ ಆ ಒಂದೆಕರೆಯ ನೆತ್ತಿಯ ಮೇಲೆಯೇ ಮತ್ತೊಂದು ದುರ್ಬೀನು ಬಂದು ಕೂತಿತ್ತು. ಪೆಟ್ಟಿಗೆ ಹೊರಲು ಆಳು ಬೇಕೆಂದಾಗ ಸೂಗಪ್ಪ ತಾನೇ ಮುಂದಾಗಿ ಒಪ್ಪಿಕೊಂಡ. ಹೊರುವುದು ನೆಪ, ಕಾಯುವುದೇ ಕೆಲಸ.

ಕ್ಯಾಮೆರಾ ನೋಡಿಕೊಳ್ಳುತ್ತಿದ್ದವನು ನಸೀರುದ್ದೀನ. ಹುಟ್ಟಿದ್ದು ರಾಯಚೂರು, ಓದಿದ್ದು ಹೈದರಾಬಾದು. ಈ ಕಡೆಯ ಮಾತನ್ನೇ ಆಡುತ್ತಿದ್ದ. ಅದೂ ಸೂಗಪ್ಪನಿಗೆ ಹಿಡಿಸಲಿಲ್ಲ. ಕಾಲುವೆಯವರೂ ಮೊದಲು ಕಳಿಸಿದ್ದು ನಮ್ಮ ಮಾತಾಡುವವರನ್ನೇ.

ಗಾಡಿಯ ಬೆನ್ನ ಮೇಲೆ ಅಂಗೈಯಗಲದ ಒಂದು ಹಲಗೆ ಇತ್ತು. ಅದರ ತುಂಬ ಬಣ್ಣದ ಚೌಕಗಳು: ಬಿಳಿ, ಬೂದಿ, ಕೆಂಪು, ಹಸಿರು, ನೀಲಿ. ಕಲ್ಲಿನ ಚಿತ್ರ ತೆಗೆಯುವ ಮುಂಚೆ ಕ್ಯಾಮೆರಾ ಕತ್ತು ಬಗ್ಗಿಸಿ ಪ್ರತಿಸಲವೂ ಅದನ್ನು ನೋಡುತ್ತಿತ್ತು.

“ಇದ್ಯಾಕ್ರಿ?” ಎಂದು ಸೂಗಪ್ಪ ಕೇಳಿದ.

“ಅಲ್ಲಿ ಗಾಳಿ ತುಂಬ ಕೆಂಪು ಧೂಳು ಕಾಕಾ, ಬೆಳಕೂ ಕೆಂಪಗ ಬೀಳ್ತದ. ಬಿಳಿ ಯಾವುದು ಅಂತ ಕ್ಯಾಮೆರಾಕ್ಕ ಹೇಳಾವ್ರು ಯಾರು? ಅದಕ್ಕ ಬಣ್ಣಕ್ಕ ಒಂದು ಸಾಕ್ಷಿ ಜೋಡಿ ಕಳಸ್ತೀವಿ.”

“ಸಾಕ್ಷಿನೂ ನಿಮ್ಮ ಕಡೀದೇ ಆದ್ರ ಅದೆಂಥಾ ಸಾಕ್ಷಿರಿ?”

ನಸೀರುದ್ದೀನ ನಕ್ಕುಬಿಟ್ಟ. ಸೂಗಪ್ಪ ನಗಲಿಲ್ಲ.

ಅವತ್ತು ಹೊತ್ತೇರಿದ ಮೇಲೆ ಗಾಡಿಯ ಕತ್ತು ಕಲ್ಲುಗಳನ್ನು ಬಿಟ್ಟು ಕೆಳಗೆ, ಹೊಲಗಳ ಕಡೆ ತಿರುಗಿತು. ಸೂಗಪ್ಪ ಪೆಟ್ಟಿಗೆ ಇಳಿಸಿ ಮೆಲ್ಲಗೆ ನಸೀರುದ್ದೀನನ ಬೆನ್ನ ಹಿಂದೆ ಹೋಗಿ ನಿಂತ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿತ್ತು. ಗುಡ್ಡದ ಬುಡ, ಬದುಗಳು, ಬಾವಿ, ಎಲ್ಲ ಗುರುತು ಸಿಕ್ಕವು. ಸುತ್ತಲಿನ ಹೊಲಗಳೆಲ್ಲ ಬೂದಿ ಬಣ್ಣಕ್ಕಿದ್ದವು. ನಡುವೆ ಬಾಲಮ್ಮನ ಒಂದೆಕರೆ ಮಾತ್ರ, ಬದುವಿನಿಂದ ಬದುವಿಗೆ ಗೆರೆ ಹೊಡೆದಂತೆ, ಗುಲಾಬಿ.

ಕೇಳಿದರೆ ಬರುವ ಉತ್ತರ ಅವನಿಗೆ ಗೊತ್ತಿತ್ತು. ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದು ಗುಡ್ಡ ಇಳಿದ.

ಬಾಲಮ್ಮ ಶೇಂಗಾದ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದಳು. ಕಾಲುವೆ ನೀರು ಬಂದ್ ಆಗಿ ಉಳಿದವರ ಹೊಲಗಳು ಕೊಯ್ಲಾಗಿ ಬರಿದಾಗಿದ್ದವು. ಬಾವಿಯ ನೀರಿಗೆ ಅವಳದೊಂದೇ ಹಸಿರಾಗಿತ್ತು.

“ಅತ್ತಿಗಿ, ನಿನ್ನ ಹೊಲಕ್ಕ ಬಣ್ಣ ಹಾಕ್ಯಾರ.”

“ಎಲ್ಲಿ?” ಬಾಲಮ್ಮ ಸುತ್ತ ನೋಡಿದಳು.

“ಅವರ ಚಿತ್ರದಾಗ. ಅಣ್ಣನ ಹೊಲಕ್ಕ ಹಾಕಿದ್ರಲ್ಲ, ಅದೇ ಬಣ್ಣ. ಅವಾಗ ನಾ ನೋಡಿದ್ದೆ. ಬಾಯಿ ಬಿಡಲಿಲ್ಲ.”

ಬಾಲಮ್ಮ ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಕುಡುಗೋಲು ಹಿಡಿದುಕೊಂಡೇ ಗುಡ್ಡ ಹತ್ತಿದಳು.

“ಯಾರಪಾ ಅಂವ ನನ್ನ ಹೊಲಕ್ಕ ಬಣ್ಣ ಬಳದಾಂವ? ಮುಂದ ಬಾ.”

ಡೇರೆಯಲ್ಲಿದ್ದವರು ಕುಡುಗೋಲು ನೋಡಿ ಅಲ್ಲೇ ನಿಂತರು. ನಸೀರುದ್ದೀನ ಮುಂದೆ ಬಂದ. ವಿಷಯ ಅವನ ತಲೆಗೆ ಹೋಗಲು ಹೊತ್ತು ಹಿಡಿಯಿತು. ಕಣ್ಣಿಗೆ ಕಾಣದ ಬೆಳಕೊಂದಿದೆ, ಹಸಿರೆಲೆಯೂ ಕೆಲವು ಬಟ್ಟೆಯೂ ಅದನ್ನು ಜೋರಾಗಿ ವಾಪಸು ಚಿಮ್ಮಿಸುತ್ತವೆ, ಆ ಬೆಳಕನ್ನು ಚಿತ್ರದಲ್ಲಿ ಕೆಂಪು, ಗುಲಾಬಿ ಮಾಡಿ ತೋರಿಸುತ್ತೇವೆ, ಕ್ಯಾಮೆರಾದ ಬೆಳಕು ಸೋಸುವ ಗಾಜು ಸರಿ ಇದೆಯೋ ಇಲ್ಲವೋ ನೋಡಲು ಹಸಿರು ಹೊಲದ ಕಡೆ ತಿರುಗಿಸಿದೆವು ಎಂದೆಲ್ಲ ಹೇಳಿದ.

“ಕಾಣದ ಬೆಳಕು ನಿನಗ ಹೆಂಗ ಕಂಡಿತು?” ಎಂದಳು ಬಾಲಮ್ಮ.

ನಸೀರುದ್ದೀನ ಗಾಡಿಯ ಕಡೆ ಕೈ ತೋರಿಸಿದ. “ನೀವೇ ಅದರ ಮುಂದ ನಿಲ್ರಿ ಅಮ್ಮಾ. ಕುಡುಗೋಲು ಒಂದು ಕೆಳಗಿಡ್ರಿ.”

“ಅದು ಇರಲಿ.”

ಕುಡುಗೋಲು ಹಿಡಿದೇ ಅವಳು ಬಂಡೆಗೆ ಬೆನ್ನು ಕೊಟ್ಟು ನಿಂತಳು. ಗಾಡಿ ಕತ್ತು ತಿರುಗಿಸಿ ಅವಳನ್ನು ನೋಡಿತು. ಅವಳೂ ಅದನ್ನು ನೋಡಿದಳು. ಪರದೆಯ ಮೇಲೆ ಬಂಡೆ ಬೂದಿಯಾಗಿ ಬಂತು. ಬಂಡೆಯ ಸಂದಿನಲ್ಲಿದ್ದ ಗಿಡ ಗುಲಾಬಿಯಾಗಿತ್ತು. ಅವಳುಟ್ಟಿದ್ದ ಗಿಳಿಹಸಿರು ಸೀರೆಯೂ ಗುಲಾಬಿಯಾಗಿತ್ತು.

ಬಾಲಮ್ಮ ಬಗ್ಗಿ ನೋಡಿದಳು, ಸೆರಗಿನ ತುದಿ ಎತ್ತಿ ಪರದೆಯ ಪಕ್ಕ ಹಿಡಿದು ಮತ್ತೆ ನೋಡಿದಳು.

“ಹಂಗಾದ್ರ ಸರಕಾರ ನನ್ನ ಸೀರಿನೂ ತಗೊಂತದೇನು, ಸೂಗಪ್ಪ?”

ಡೇರೆಯವರೆಲ್ಲ ನಕ್ಕರು. ಸೂಗಪ್ಪನಿಗೂ ನಗು ಬಂತು, ಆದರೆ ಅದು ಅರ್ಧಕ್ಕೇ ನಿಂತಿತು. ಹಸಿರು ಸೀರೆ ಗುಲಾಬಿಯಾದದ್ದನ್ನು ಅವನೇ ಕಣ್ಣಾರೆ ಕಂಡ, ಅದು ಸುಳ್ಳಲ್ಲ. ಆದರೆ ಒಂದು ಚಿತ್ರ ಖರೇ ಹೇಳಿದರೆ ಇನ್ನೊಂದೂ ಖರೇ ಹೇಳುತ್ತದೆಂದು ಏನು ಖಾತ್ರಿ? ನಸೀರುದ್ದೀನ ಅವನಿಗೆ ಚಹಾ ಕೊಟ್ಟ. ಚಹಾ ಕುಡಿದ, ಥ್ಯಾಂಕ್ಸ್ ಹೇಳಲಿಲ್ಲ.

ಇಳಿಯುವಾಗ ಬಾಲಮ್ಮ ಮುಂದೆ, ಅವನು ಹಿಂದೆ.

“ಅಂವ ಹೇಳಿದ್ದು ನಂಬಿದೇನು?” ಎಂದಳು ಅವಳು, ತಿರುಗದೆ.

“ಅರ್ಧ.”

“ನಾ ಅಷ್ಟೂ ಇಲ್ಲ. ಶಹಾಪುರಕ್ಕ ಹೋಗಿ ಪಹಣಿ ತಗಸಿ ನೋಡಬೇಕು, ಹೊಲ ಇನ್ನೂ ನನ್ನ ಹೆಸರಿಲೇ ಅದನೋ ಇಲ್ಲೋ.” ಸ್ವಲ್ಪ ದೂರ ನಡೆದಳು. “ಆಫೀಸಿನವರು ಏನರ ಅಂದ್ರ ನನಗ ತಿಳಿಯಂಗಿಲ್ಲ. ನೀನೂ ಬಾ.”

ಹೊಲದ ವಿಷಯಕ್ಕೆ ಅವಳು ಅವನನ್ನು ಕರೆದದ್ದು ಕಾಲುವೆ ಬಂದ ಮೇಲೆ ಅದೇ ಮೊದಲು.

ಮರುದಿನ ಸೂಗಪ್ಪ ಗುಡ್ಡದ ಕೆಲಸಕ್ಕೆ ಹೋಗಲಿಲ್ಲ. ಇಬ್ಬರೂ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋಗಿ, ತಹಸೀಲ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಕಟ್ಟೆಯ ಮೇಲೆ ಕೂತಿದ್ದರು.