ನಗದೇ ನಿಲ್ಲುವ ತಾಲೀಮು

ನಗಬಾರದ ಕಡೆ ನಗುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅಮ್ಮ ನನ್ನ ಬಾಯಿಗೆ ಒಂದು ಲವಂಗ ತುರುಕಿದ್ದರು. ನಗು ಬಂದರೆ ಕಚ್ಚಿಕೊಳ್ಳಬೇಕು, ಖಾರಕ್ಕೆ ಹೆದರಿ ಅದು ಓಡಿಹೋಗುತ್ತದೆ ಎಂಬುದು ಅವರ ಮನೆವೈದ್ಯ. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡು, "ಅಡಿಗೆ ಬರುತ್ತದೋ?" ಎಂದರು. ಮದ್ರಾಸಿನ ತಿರುವಲ್ಲಿಕೇಣಿಯಲ್ಲಿ ಹೋಟೆಲಿಟ್ಟ ಉಡುಪಿಯವರ ಮಗಳನ್ನು ಕೇಳುವ ಪ್ರಶ್ನೆಯೇ ಇದು! ಲವಂಗ ಹಾರಿ ನೆಟ್ಟಗೆ ಅವರ ಕಾಫಿ ಲೋಟಕ್ಕೇ ಬಿತ್ತು.

"ಎಂತ ಮಾರಾಯ್ತಿ, ನಿನ್ನ ಹಲ್ಲಿಗೆ ಒಂದು ದಿನವಾದ್ರೂ ರಜೆ ಇಲ್ವಾ?" ಎಂದು ಅಮ್ಮ ಹಣೆ ಚಚ್ಚಿಕೊಂಡರು. ಆ ಸಂಬಂಧ ಮುರಿಯಿತು. ನಾನು ಮನಃಶಾಸ್ತ್ರ ಓದಲು ಹೋದೆ.

ಅರವತ್ತರ ದಶಕದ ಮೊದಲ ವರ್ಷಗಳು. ಹೆಂಗಸರ ಜೈಲಿನಲ್ಲಿ ಚಿಕ್ಕ ವಯಸ್ಸಿನ ಕೈದಿಗಳನ್ನು ಮಾತಾಡಿಸಿ ಧೈರ್ಯ ಹೇಳುವ ಕೆಲಸ ಸಿಕ್ಕಿತು. "ಮಗಳು ಹುಚ್ಚರ ಡಾಕ್ಟರಂತೆ, ಹೌದಾ?" ಎಂದು ಹೋಟೆಲಿಗೆ ಬಂದವರು ಕೇಳಿದರೆ ಅಪ್ಪ, "ಅಲ್ಲಲ್ಲ, ಕಳ್ಳರ ಡಾಕ್ಟರು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು.

ಸೇರಿದ ವಾರದಲ್ಲೇ ಸೂಪರಿಂಟೆಂಡೆಂಟ್ ಮೇಡಂ ನನ್ನ ಮುಂದೆ ಒಂದು ಫೈಲು ಎಸೆದರು. "ನಿಮ್ಮ ಭಾಷೆಯವಳು. ಎಲ್ಲದಕ್ಕೂ ನಗುತ್ತಾಳೆ. ಆ ನಗು ನಿಲ್ಲಿಸಿ, ಅಷ್ಟು ಸಾಕು." ನಗು ನಿಲ್ಲಿಸುವ ಕೆಲಸ ನನಗೆ! ಎದ್ದು ಹೊರಗೆ ಬಂದು ಕಂಬ ಹಿಡಿದುಕೊಂಡು ನಕ್ಕೆ.

ಹುಡುಗಿ ಹೊಸೂರು ಕಡೆಯವಳು, ಇಪ್ಪತ್ತರ ಆಸುಪಾಸು. ಗಂಡ ಕಂಬಿ ಕಿತ್ತ ಮೇಲೆ ವಡಪಳನಿಯ ಸಿನಿಮಾ ಸ್ಟುಡಿಯೋಗಳಲ್ಲಿ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಆಗಿದ್ದಳು. ಒಂದು ದಿನ ರಾಣಿಯ ಸಖಿಯ ವೇಷ. ಸಂಜೆ ಎಲ್ಲರೂ ವೇಷ ಕಳಚಿದರೆ ಇವಳು ಕಳಚಲಿಲ್ಲ. ಜರಿ ಸೀರೆ, ಡಾಬು, ತೋಳುಬಂದಿ, ಹೆರಳಿಗೆ ನಾಗರ, ಎಲ್ಲದರ ಸಮೇತ ತಂಗಿಯ ಮದುವೆಗೆಂದು ಬಸ್ಸು ಹತ್ತಿಬಿಟ್ಟಳು.

"ನಾಳೀಕೆ ವಾಪಸ್ ಕೊಡೋಣಾಂತಿದ್ದೆ ಅಮ್ಮಾ. ಬಸ್ಸಲ್ಲಿ ಕಂಡಕ್ಟರೇ ಎದ್ದು ಸೀಟು ಕೊಟ್ಬಿಟ್ಟ!" ಎಂದು ಕಿಲಕಿಲ ನಕ್ಕಳು. ನಾನೂ ನಕ್ಕೆ. ಪೆನ್ನು ಎತ್ತ ಉರುಳಿತೋ ತಿಳಿಯಲಿಲ್ಲ.

ಅವಳು ಮದುವೆಮನೆ ಮುಟ್ಟುವ ಮೊದಲೇ ಪೊಲೀಸರು ಹಿಡಿದರು. ಒಡವೆಗಳೆಲ್ಲ ಗಿಲೀಟು. ಆದರೂ ಕೋರ್ಟಿನಲ್ಲಿ ನಕ್ಕದ್ದಕ್ಕೆ ಮ್ಯಾಜಿಸ್ಟ್ರೇಟರಿಗೆ ಮೈಯೆಲ್ಲ ಉರಿದು ಮೂರು ವರ್ಷ ಹಾಕಿದರು. ಬೇಗ ಬಿಡುಗಡೆ ಮಾಡುವ ಬೋರ್ಡಿನ ಮುಂದೆಯೂ ಒಮ್ಮೆ ನಕ್ಕು, "ಪಶ್ಚಾತ್ತಾಪವಿಲ್ಲ" ಎಂದು ಬರೆಸಿಕೊಂಡಿದ್ದಳು. ಆ ಬೋರ್ಡು ಸೇರುವುದು ಆರು ತಿಂಗಳಿಗೊಮ್ಮೆ. ಇನ್ನೊಂದು ಸಂಗತಿ ಫೈಲಿನ ಕೊನೆಯ ಹಾಳೆಯಲ್ಲಿತ್ತು. ಅವಳ ಜೊತೆ ಜೈಲಿನೊಳಗೆ ಅವಳ ಮಗಳಿದ್ದಳು. ಬರುವಾಗ ಎರಡೂ ತುಂಬಿರದ ಮಗು, ಇನ್ನೆರಡು ತಿಂಗಳಿಗೆ ನಾಲ್ಕು ತುಂಬುತ್ತಿತ್ತು. ನಾಲ್ಕು ತುಂಬಿದ ಮಗು ತಾಯಿಯ ಜೊತೆ ಇರುವಂತಿಲ್ಲ, ಅನಾಥಾಲಯಕ್ಕೆ ಕಳಿಸುತ್ತಾರೆ. ಈ ಸಲದ ಬೋರ್ಡು ತಪ್ಪಿದರೆ ಮಗು ಕೈತಪ್ಪಿತು.

"ನಿಂಗೆ ಇಷ್ಟು ನಗು ಯಾವಾಗಿಂದ?" ಎಂದು ಕೇಳಿದೆ.

"ಗಂಡ ಕೈ ಎತ್ತಿದ್ರೆ ಸಾಕು, ಬಂದ್ಬಿಡೋದು ಅಮ್ಮಾ. ಅದುಕ್ಕೇ ಇನ್ನೂ ಹೊಡೆಯೋನು." ಇದನ್ನೂ ನಗುತ್ತಲೇ ಹೇಳಿದಳು. ನನ್ನ ನಗು ಮಾತ್ರ ಅಲ್ಲೇ ನಿಂತಿತು. ಇವಳಿಗೆ ಹೆದರಿಕೆಯಾದರೆ ಅಳು ಬರುವುದಿಲ್ಲ, ನಗು ಬರುತ್ತದೆ. ನನಗೂ ಹಾಗೆಯೇ ಎಂಬುದು, ಅಷ್ಟೆಲ್ಲ ಪುಸ್ತಕ ಓದಿದ್ದರೂ, ಅವತ್ತೇ ಹೊಳೆದದ್ದು. ರಾತ್ರಿ ಕೂತು ಬೋರ್ಡಿಗೆಂದು ಆರು ಪುಟದ ವರದಿ ಬರೆದೆ.

"ಅವರು ಓದುವುದಿಲ್ಲ, ಮುಖ ನೋಡುತ್ತಾರೆ" ಎಂದರು ಮೇಡಂ. ಸರಿ, ಮುಖ ತಿದ್ದಲು ಹೊರಟೆ. ಮನಃಶಾಸ್ತ್ರ ಕೈಕೊಟ್ಟಾಗ ಅಮ್ಮನ ಲವಂಗವೇ ಗತಿ.

ದಿನಾ ಮಧ್ಯಾಹ್ನ ಬೇವಿನ ಮರದ ಕೆಳಗೆ ತಾಲೀಮು. ಹೆಡ್ ವಾರ್ಡರಮ್ಮನೇ ಬೋರ್ಡಿನ ಅಧ್ಯಕ್ಷರು. ಆಳೆತ್ತರದ ಹೆಂಗಸು. ನನ್ನ ಕನ್ನಡಕ ಕಸಿದು ಮೂಗಿನ ತುದಿಗೇರಿಸಿಕೊಂಡು, ಗೋಣಿತಟ್ಟಿನ ಮೇಲೆ ಗತ್ತಾಗಿ ಕೂತು, "ಮಾಡಿದ್ದು ತಪ್ಪೂಂತ ಒಪ್ತೀಯಾ?" ಎಂದು ಗುಡುಗುತ್ತಿದ್ದರು. ಹುಡುಗಿ ಲವಂಗ ಕಚ್ಚುತ್ತಿದ್ದಳು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಆಮೇಲೆ ಮೂಗಿನಿಂದ ಒಂದು ಗೊರ್! ಅಷ್ಟೇ, ಬಟ್ಟೆ ಒಗೆಯುತ್ತಿದ್ದವರು, ಅಕ್ಕಿ ಆರಿಸುತ್ತಿದ್ದವರು, ಬ್ಯಾರಕ್ಕಿಗೆ ಬ್ಯಾರಕ್ಕೇ ಬಿದ್ದು ಬಿದ್ದು ನಗುವುದು. "ಶಿರಿಕ್ಕಾದೇ!" ನಗಬೇಡ ಎಂದು ತಮಿಳಿನಲ್ಲಿ ಅಬ್ಬರಿಸುತ್ತ ಅಧ್ಯಕ್ಷರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಮಗುವಂತೂ ಆ ಮಾತು ಕಲಿತು, ಸೊಂಟದ ಮೇಲೆ ಕೈಯಿಟ್ಟು, ಗೋಡೆ ಮೇಲಿನ ಕಾಗೆಗೂ "ಶಿರಿಕ್ಕಾದೇ!" ಎನ್ನುತ್ತಿತ್ತು. ಅಯ್ಯೋ, ಅಂಥ ಸುಖದ ಮಧ್ಯಾಹ್ನಗಳು ಆಮೇಲೆ ನನಗೆ ಸಿಗಲೇ ಇಲ್ಲ.

ಮೂರನೇ ವಾರದ ಹೊತ್ತಿಗೆ ಹುಡುಗಿ ಗೆದ್ದಳು. ಏನು ಕೇಳಿದರೂ ತುಟಿಯಂಚೂ ಅರಳಲಿಲ್ಲ.

ಬೋರ್ಡಿನ ದಿನ. ಉದ್ದದ ಮೇಜು, ಐವರು ಗಂಡಸರು, ನಿಜವಾದ ಅಧ್ಯಕ್ಷರಿಗೆ ನಿಜವಾದ ಮೀಸೆ. ನಾನು ಮೂಲೆಯ ಸ್ಟೂಲಿನ ಮೇಲಿದ್ದೆ. ಯಾವುದಕ್ಕೂ ಇರಲಿ ಎಂದು ನನ್ನ ಬಾಯಲ್ಲೂ ಒಂದು ಲವಂಗ. ಅವರು ಐದು ಪ್ರಶ್ನೆ ಕೇಳಿದರು. ಹುಡುಗಿ ಐದಕ್ಕೂ ಅಳುಕದೆ, ನಗದೆ, ತಮಿಳಿನಲ್ಲಿ ತಕ್ಕ ಉತ್ತರ ಕೊಟ್ಟಳು. ಶಭಾಷ್ ಎಂದುಕೊಂಡೆ.

ಅಧ್ಯಕ್ಷರು ಅವಳನ್ನೇ ದಿಟ್ಟಿಸಿ ನೋಡಿದರು. "ಎಂಥ ಕಲ್ಲು ಮುಖ. ಒಂದು ತೊಟ್ಟು ಕಣ್ಣೀರಿಲ್ಲ. ಪಶ್ಚಾತ್ತಾಪ ಎಲ್ಲಿದೆ?" ಎಂದು ಪೆನ್ನಿನ ಮುಚ್ಚಳ ತೆಗೆದರು.

ಕಲ್ಲು ಮುಖ ಕಲಿಸಿದವಳೇ ನಾನು! ಆ ಮಗುವನ್ನು ಅನಾಥಾಲಯಕ್ಕೆ ಕಳಿಸುತ್ತಿರುವುದು ನನ್ನ ಲವಂಗ! ಹೊಟ್ಟೆಯ ತಳದಿಂದ ಅದು ಎದ್ದಿತು. ಕಚ್ಚಿದೆ, ಲವಂಗ ಪುಡಿಯಾಯಿತು. ನಕ್ಕೆ. ಸ್ಟೂಲು ಕಿರುಗುಟ್ಟುವಷ್ಟು ನಕ್ಕೆ.

"ಇದೇನು ನಾಟಕ ಕಂಪೆನಿಯೇ? ಹೊರಗೆ ನಡೀರಿ!" ಎಂದು ಅಧ್ಯಕ್ಷರು ಮೇಜು ಗುದ್ದಿದರು. ಕೆಲಸ ಹೋಯಿತೆಂದುಕೊಂಡೆ, ನಗು ಇನ್ನೂ ಜಾಸ್ತಿಯಾಯಿತು.

ಆಗ ಹುಡುಗಿ ಎರಡು ಹೆಜ್ಜೆ ಮುಂದೆ ಬಂದಳು. "ಅಯ್ಯಾ, ಅಮ್ಮನ್ನ ಬೈಬೇಡಿ. ಕೊಬ್ಬಿ ನಗ್ತಾ ಇಲ್ಲ. ಭಯಾ ಬಿದ್ದವ್ರೆ. ನಂಗೂ ಅಂಗೇ ಬರೋದು. ಅವ್ರು ನಂಗೆ ತಡ್ಕೊಳ್ಳೋದು ಹೇಳಿಕೊಟ್ರು, ಅವ್ರಿಗೇ ಬರ್ಲಿಲ್ಲ." ನನಗೆ ಕನ್ನಡದಲ್ಲಿ ಹೇಳುತ್ತಿದ್ದ ಧಾಟಿಯಲ್ಲೇ ಅವರಿಗೆ ತಮಿಳಿನಲ್ಲಿ ಹೇಳಿದಳು. ಹೇಳುತ್ತಿದ್ದಂತೆ ಅವಳ ತುಟಿಯೂ ಅದುರಿ, ಕಟ್ಟಿಟ್ಟಿದ್ದ ಮೂರು ವಾರದ ನಗು ಒಮ್ಮೆಲೇ ಒಡೆಯಿತು.

"ನಿಮಗೇನಮ್ಮ ಭಯ?" ಎಂದು ಅಧ್ಯಕ್ಷರು ನನ್ನತ್ತ ತಿರುಗಿದರು.

"ಮಗೂ ಸರ್" ಎಂದೆ.

ಕೊನೆಯಲ್ಲಿ ಕೂತಿದ್ದ ವಯಸ್ಸಾದ ಡಾಕ್ಟರು ಅಷ್ಟರಲ್ಲಿ ನನ್ನ ವರದಿಯ ದಾರ ಬಿಚ್ಚಿದ್ದರು. "ಎರಡನೇ ಪುಟದಲ್ಲಿ ಇದನ್ನೇ ಬರೆದಿದ್ದಾರೆ" ಎಂದು ಅಧ್ಯಕ್ಷರತ್ತ ಸರಿಸಿದರು. ಅಧ್ಯಕ್ಷರು ಓದಿದರು. ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಿಂತೇ ಇದ್ದೆವು. ಆರೂ ಪುಟ ಓದಿ ಮುಗಿಸಿ ಅವರು ಸಹಿ ಹಾಕಿದರು.

ಬಿಡುಗಡೆಯ ಬೆಳಿಗ್ಗೆ ಗೇಟಿನ ಹತ್ತಿರ ಹೋದೆ. ನಗುನಗುತ್ತ ಬರುತ್ತಾಳೆಂದುಕೊಂಡಿದ್ದೆ. ಹುಡುಗಿ ಶಾಂತವಾಗಿ, ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದು ಬಂದಳು.

"ಯಾಕೇ, ಇವತ್ತು ನಗು ಇಲ್ವಾ?"

"ಇವಾಗ ಭಯ ಇಲ್ವಲ್ಲಮ್ಮಾ" ಎಂದಳು.

ಹೊರಗೆ ಕಾಲಿಟ್ಟರು. ಗೋಡೆ, ಬೇವಿನ ಮರ, ಕಾಗೆ ಬಿಟ್ಟು ಬೇರೇನೂ ನೆನಪಿಲ್ಲದ ಮಗು. ರಸ್ತೆಯ ತಿರುವಿನಿಂದ ಒಂದು ಸಿಟಿ ಬಸ್ಸು ಹಾರನ್ ಹೊಡೆಯುತ್ತ ಧಡಧಡ ಬಂತು. ಮಗು ಕಣ್ಣರಳಿಸಿ ನಿಂತುಬಿಟ್ಟಿತು, ಆಮೇಲೆ ಗಲಗಲ ನಕ್ಕಿತು. "ನೋಡ್ರೀ, ಏನು ಖುಷಿ ಅದಕ್ಕೆ!" ಎಂದು ಹೆಡ್ ವಾರ್ಡರಮ್ಮ ಚಪ್ಪಾಳೆ ತಟ್ಟಿದರು. ಗೇಟಿನ ಪಹರೆಯವರೂ ನಕ್ಕರು.

ಹುಡುಗಿ ಗಂಟನ್ನು ನೆಲಕ್ಕೆ ಹಾಕಿ, ಮಗುವನ್ನು ಬಾಚಿ ಎತ್ತಿಕೊಂಡು, ಅದರ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. "ಇಲ್ಲ ಕಣ್ಣೇ, ಏನೂ ಆಗಲ್ಲ, ಅಮ್ಮ ಅವ್ಳೆ" ಎಂದು ಬೆನ್ನು ಸವರುತ್ತ, ಬಸ್ಸು ಹೋಗುವ ತನಕ ಅಲ್ಲೇ ನಿಂತಳು. ನಾನು ಗಂಟನ್ನು ಎತ್ತಿ ಅವಳ ಕೈಗೆ ಕೊಟ್ಟೆ.