ಭುಜ ನೋಡಿ ಅಧ್ಯಕ್ಷರನ್ನು ಆರಿಸುತ್ತಿದ್ದವರು

ಕೊಲ್ಲಿ ನಾಡಿನ ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಕಟ್ಟಡದ ಕೆಳಗೆ ಉಡುಪಿ ಕಡೆಯ ಟೈಲರ್ ಒಬ್ಬರಿದ್ದರು. ಅಮೆರಿಕದಲ್ಲಿ ಮಧ್ಯಾವಧಿ ಚುನಾವಣೆಯ ಮತ ಎಣಿಕೆ ನಡೆಯುತ್ತಿದ್ದರೆ, ಅವರು ಕೊರಳಿಗೆ ಟೇಪು ಹಾಕಿಕೊಂಡು ಅಂಗಡಿಯ ಟೀವಿಯ ಮುಂದೆ ನಿಂತು ಅಲ್ಲಿನ ಮುಂದಿನ ಅಧ್ಯಕ್ಷರನ್ನೇ ಆರಿಸಿಬಿಡುತ್ತಿದ್ದರು.

"ಭುಜ ನೋಡಿ ಮಾರಾಯ್ರೆ, ಭುಜ! ಇಳಿದ ಭುಜದವ ಅಧ್ಯಕ್ಷ ಆಗುದುಂಟಾ?"

ಮುಂದಿನ ಅಧ್ಯಕ್ಷ ಇವನೇ ಎಂದು ಟೀವಿಯವರು ಹೊಗಳುತ್ತಿದ್ದ ಗವರ್ನರ್ ಒಬ್ಬನನ್ನು ಅವರು ಹೀಗೇ ಸೋಲಿಸಿದ್ದರು. ಆತ ಗವರ್ನರ್ ಚುನಾವಣೆಯಲ್ಲಿ ಮತ್ತೆ ಭರ್ಜರಿಯಾಗಿ ಗೆದ್ದ. ಮರುದಿನ ಕೆಣಕಲೆಂದೇ ಹೋದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ, "ಕೋಟಿನೊಳಗೆ ಭುಜಕ್ಕೆ ಪ್ಯಾಡ್ ಇಟ್ಟಿದ್ದಾನೆ. ಮೋಸದ ಚುನಾವಣೆ ಅದು" ಎಂದರು.

ನನಗೂ ಒಂದು ಕೋಟು ಬೇಕಿತ್ತು. ಆಫೀಸಿನಲ್ಲಿ ಮ್ಯಾನೇಜರ್ ಹುದ್ದೆ ಖಾಲಿಯಾಗಿ, ಸಂದರ್ಶನಕ್ಕೆ ನನ್ನನ್ನೂ ಕರೆದಿದ್ದರು. ವಿಷಯ ಹೇಳಿದೆ. ಬೆನ್ನ ಹಿಂದೆ ಬಂದು ಟೇಪು ಹಿಡಿದವರು ನನ್ನ ಭುಜವನ್ನು ಎರಡೆರಡು ಸಲ ಅಳೆದರು. ಆಮೇಲೆ, ಎಂದೂ ಇಲ್ಲದ ಮರ್ಯಾದೆಯಿಂದ, "ಸಾರ್, ನಿಮಗೆ ಈ ಸಲ ಅರ್ಧ ತೋಳಿನ ಶರ್ಟು ಸಾಕು" ಎಂದರು.

ಹಠ ಹಿಡಿದು ಕೋಟನ್ನೇ ಹೊಲಿಸಿದೆ, ಪ್ಯಾಡ್ ಇಡಿಸಿಯೇ.

ಅವರು ನುಡಿದ ಭವಿಷ್ಯಗಳಲ್ಲಿ ನಿಜವಾದದ್ದು ಆ ಅರ್ಧ ತೋಳಿನ ಮಾತೊಂದೇ.